ಇಂಗ್ಲೆಂಡಿನಲ್ಲಿ ನಾನು ಮಗುಚಿ ಹಾಕಿದ ಮನೆ

ಶಿಕಾರಿಪುರ

ನಾನು ಮಾಡಿದ ಗಾಡಿ ಮಗುಚಿ ಬಿದ್ದದ್ದನ್ನು ಕಂಡವರು ನಮ್ಮ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಇದ್ದರೆ ಬಂದು ಎದುರಿಗೆ ಹೇಳಲಿ. ನಾಲ್ಕನೇ ಕ್ಲಾಸಿನಲ್ಲಿ ಅಪ್ಪ ಶಾಲೆ ಬಿಡಿಸಿ ಕೈಗೆ ಉಳಿ ಕೊಟ್ಟರು. ಅಂದಿನಿಂದ ಎತ್ತಿನ ಗಾಡಿ ಮಾಡಿಕೊಂಡೇ ಬಂದಿದ್ದೇನೆ. ಶಿಕಾರಿಪುರದಿಂದ ಸೊರಬದವರೆಗೆ ಯಾವ ಊರಿಗೆ ಹೋದರೂ ನನ್ನ ಕೈಯ ಗಾಲಿಯ ಜಾಡು ಒಂದಾದರೂ ಸಿಗುತ್ತದೆ. ಅಂಥ ನಾನು ಒಂದು ಗಾಡಿಯನ್ನು ಮಗುಚಿ ಹಾಕಿದೆ. ಅದೂ ಒಳಗೆ ಹಾಸಿಗೆ, ಒಲೆ, ಕಿಟಕಿಗೆ ಹೂವಿನ ಪರದೆ ಎಲ್ಲಾ ಇದ್ದ ಗಾಡಿ. ಅದಕ್ಕಾಗಿ ಸಮುದ್ರ ದಾಟಿ ಇಂಗ್ಲೆಂಡಿನವರೆಗೆ ಹೋಗಬೇಕಾಯಿತು.

ನನ್ನನ್ನು ಕರೆದುಕೊಂಡು ಹೋದವರು ಸೊರಬದ ಎಲ್ಸಿ ಡಾಕ್ಟರಮ್ಮ. ಆ ದೇಶದವರು. ಸೊರಬದಲ್ಲಿ ಎರಡು ಕೋಣೆಯ ಒಂದು ದವಾಖಾನೆ ಇಟ್ಟುಕೊಂಡು, ಅಲ್ಲಿಯ ಹೆಂಗಸರ ಬಾಯಿಂದಲೇ ಕನ್ನಡ ಕಲಿತವರು. ಹಾಗಾಗಿ ಅವರ ಮಾತು ಪುಸ್ತಕದ ಹಾಗಿಲ್ಲ, ಸೊರಬದ ಹಾಗಿದೆ. ಒಂದು ವರ್ಷ ನನ್ನ ಹೆಂಡತಿ ಗೌರಮ್ಮ ಉಳವಿಯ ತವರಿನಲ್ಲಿದ್ದಾಗ ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಳು. ನನ್ನದೇ ಗಾಡಿಯಲ್ಲಿ ಹುಲ್ಲು ಹಾಸಿ ಸೊರಬಕ್ಕೆ ತಂದೆ. ಗಾಡಿ ಒಂದಿಷ್ಟೂ ಕುಲುಕಲಿಲ್ಲ. ಆದರೆ ದಾರಿ ಮುಗಿಯುವಂತೆಯೇ ಕಾಣಲಿಲ್ಲ. ‘ಇನ್ನು ಅರ್ಧ ದಿವಸ ತಡ ಆಗಿದ್ದರೆ ನನ್ನ ಕೈಲಿ ಎಂತದೂ ಇರ್ತಿರಲಿಲ್ಲ’ ಎಂದರು ಡಾಕ್ಟರಮ್ಮ. ಗೌರಮ್ಮ ಬದುಕಿದಳು. ಆ ಅರ್ಧ ದಿವಸ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಂಚಿನ ಜನಕ್ಕೂ ಜ್ವರ ಬಂತು. ಡಾಕ್ಟರಮ್ಮನ ಹಳೆ ಜೀಪು ಒಂದೂರಿಗೆ ಹೋದರೆ ಇನ್ನೊಂದೂರಿನವರು ಕಾಯಬೇಕು. ಅವರ ತವರೂರಿನ ಹೆಂಗಸರು ಸೇರಿ, ಕೇಕು ಮಾರಿ, ಸ್ವೆಟರು ಹೆಣೆದು, ಒಂದು ನಡೆದಾಡುವ ದವಾಖಾನೆ ಕೊಡುತ್ತೇವೆಂದರು. ಆದರೆ ಯಾವುದು? ತನ್ನ ಎಂಜಿನ್ನಿನಲ್ಲೇ ಓಡುವ ಮನೆಯೋ, ಜೀಪಿನ ಹಿಂದೆ ಕಟ್ಟಿ ಎಳೆಯುವ ಮನೆಯೋ? ಅಲ್ಲಿ ಎರಡೂ ಉಂಟಂತೆ. ರಜೆಗೆಂದು ಅವುಗಳಲ್ಲೇ ಉಂಡು ಮಲಗಿ ಊರೂರು ತಿರುಗುತ್ತಾರಂತೆ.

‘ನನಗೆ ಜ್ವರ ಗೊತ್ತು, ಗಾಡಿ ಗೊತ್ತಿಲ್ಲ ಮಾರಾಯ್ರೆ. ನಮ್ಮ ರಸ್ತೆ ಗೊತ್ತಿದ್ದವರು ಬಂದು ಎರಡನ್ನೂ ಓಡಿಸಿ ನೋಡಲಿ ಅಂತ ಬರೆದೆ. ಬರಬಹುದು ಅಂದ್ರು. ನೀವು ಬರ್ತೀರಾ ಕಾಳಪ್ಪಾಚಾರ್ರೇ?’

ನಾನು ಸಮುದ್ರವನ್ನೇ ಕಂಡವನಲ್ಲ. ಬಾಯಿ ಮಾತ್ರ ‘ಅದಕ್ಕೇನ್ರೀ ಅಮ್ಮಾ, ಬರ್ತೀನಿ’ ಅಂದಿತು. ನನ್ನ ಬಾಯಿ ಯಾವತ್ತೂ ಹಾಗೇ.

ಮನೆಯಲ್ಲಿ ಗೌರಮ್ಮ ಅವಲಕ್ಕಿ, ಚಟ್ನಿಪುಡಿ ಕಟ್ಟುತ್ತಾ ಹೇಳಿದಳು: ‘ಒಂದು ಗಾಡಿ ಆರಿಸಾಕೆ ಇಂಗ್ಲೆಂಡು ಬೇಕೇನ್ರಿ? ಹಾವೇರಿ ಪ್ಯಾಟೆ ಸಾಲಲಿಲ್ವಾ?’

‘ಇದು ಎತ್ತಿನ ಗಾಡಿ ಅಲ್ವೇ.’

‘ಮತ್ತೆ ಎತ್ತಿನ ಗಾಡಿ ಮಾಡೋರನ್ನ ಯಾಕೆ ಕರ್ಕೊಂಡು ಹೊಂಟಾರೆ?’

ಚಟ್ನಿಪುಡಿಯ ಡಬ್ಬಿಯನ್ನು ಅವಳ ಕಡೆ ಸರಿಸಿದೆ. ಹೆಚ್ಚು ಖಾರ ಹಾಕು ಎಂದೆ.

ನೀರಿನ ಮೇಲೆ

ಹಡಗಿನ ಬಗ್ಗೆ ಬಹಳ ಜನ ಬರೆದಿದ್ದಾರೆ. ವಾಂತಿಯ ಬಗ್ಗೆಯೂ ಬರೆದಿದ್ದಾರೆ. ಅದನ್ನು ಬಿಡುತ್ತೇನೆ. ನನಗೆ ಆಶ್ಚರ್ಯವಾದದ್ದು, ಬೆಟ್ಟದಷ್ಟು ದೊಡ್ಡದು ಯಾಕೆ ಮಗುಚುವುದಿಲ್ಲ ಎಂಬುದು. ಅಡುಗೆ ಮನೆಯಲ್ಲಿ ಮಂಗಳೂರಿನ ಲೂಯಿಸ್ ಎಂಬವರಿದ್ದರು. ಕನ್ನಡ ಕಿವಿಗೆ ಬಿದ್ದದ್ದೇ ತಡ, ನನಗಾಗಿ ದಿನವೂ ಒಂದು ಬಟ್ಟಲು ಅನ್ನ, ತಿಳಿಸಾರು ಎತ್ತಿಡುತ್ತಿದ್ದರು. ಹದಿನೆಂಟು ದಿನ ಒಂದು ದಿನವೂ ತಪ್ಪಿಸಲಿಲ್ಲ. ಇಂದಿಗೂ ಸಾರಿನ ಮುಂದೆ ಕೂತಾಗ ಅವರ ಹೆಸರು ನೆನಪಾಗುತ್ತದೆ.

‘ಎಲ್ಲಾ ಭಾರ ಕೆಳಗೆ, ನಡುವಿಗೆ ಸರಿಯಾಗಿ ಇಡ್ತಾರೆ. ತೂಕ ಸರಿ ಇದ್ದರೆ ಸಮುದ್ರ ಏನೂ ಮಾಡೂದಿಲ್ಲ’ ಎಂದರು ಲೂಯಿಸ್.

ನನಗೆ ಎದೆ ಉಬ್ಬಿತು. ಇದೇ ಅಲ್ಲವೇ ನಮ್ಮ ವಿದ್ಯೆ! ಗಾಡಿ ಮಾಡಿ ಮುಗಿದ ಮೇಲೆ ನಮ್ಮಪ್ಪ ಒಂದು ಪರೀಕ್ಷೆ ಮಾಡುತ್ತಿದ್ದರು. ಚೀಲ ಹೇರಿಸಿ, ಎತ್ತು ಹೂಡುವ ಮುಂಚೆ, ಗಾಡಿಯ ಮುಂದೆ ಚಾಚಿದ ಮರದ ಮೂಕಿಯನ್ನು ಒಂದೇ ಬೆರಳಲ್ಲಿ ಎತ್ತಬೇಕು. ಏಳಲಿಲ್ಲವೆಂದರೆ ಮುಂಭಾರ, ಎತ್ತಿನ ಹೆಗಲು ಹುಣ್ಣಾಗುತ್ತದೆ. ತಾನೇ ಎದ್ದರೆ ಹಿಂಭಾರ, ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ಒಂದು ಬೆರಳಿಗೆ ಎದ್ದರೆ ಸರಿ. ನಾನೂ ಅದನ್ನೇ ಮಾಡುತ್ತೇನೆ. ಆ ಬೆರಳನ್ನು ನೋಡಿಕೊಳ್ಳುತ್ತಾ, ಇಂಗ್ಲೆಂಡಿನವರಿಗೆ ಇದೆಲ್ಲ ಗೊತ್ತಿದೆಯೋ ಇಲ್ಲವೋ ಎಂದುಕೊಂಡೆ.

ಟಾಮ್ ಅವರ ಹಟ್ಟಿ

ಡಾಕ್ಟರಮ್ಮನ ಅಣ್ಣ ಟಾಮ್, ಡೆವನ್ ಎಂಬ ಸೀಮೆಯ ಹಳ್ಳಿಯಲ್ಲಿ ಹಸು ಸಾಕಿಕೊಂಡಿರುವವರು. ಸ್ಟೇಷನ್ನಿನಲ್ಲಿ ಕೈ ಕೊಟ್ಟರು. ಕೈ ಹಿಡಿದ ಕೂಡಲೇ ಧೈರ್ಯ ಬಂತು. ಅಂಗೈ ಪೂರ್ತಿ ಜಡ್ಡು. ಅವರೂ ನನ್ನ ಕೈಯನ್ನು ತಿರುಗಿಸಿ ನೋಡಿ ತಂಗಿಗೆ ಏನೋ ಹೇಳಿದರು. ಡಾಕ್ಟರಮ್ಮ ನಕ್ಕು, ‘ನಿಮ್ಮ ಹತ್ರ ಮಾತಾಡೋಕೆ ನನ್ನ ಬಾಯಿ ಬೇಡವಂತೆ’ ಎಂದರು.

ಆ ಜನದ ಕೆಲವು ಅಭ್ಯಾಸ ವಿಚಿತ್ರ. ನಾನು ಅವರ ಕಾಲು ತುಳಿದರೆ ಅವರು ನನಗೆ ‘ಸಾರಿ’ ಅನ್ನುತ್ತಾರೆ. ನಮ್ಮೂರ ಬಸ್ಸಿನಲ್ಲಿ ಇದು ನಡೆಯಬೇಕಿತ್ತು! ದಾರಿಯಲ್ಲಿ ಎದುರಾದವರೆಲ್ಲ ಮೋಡದ ಸುದ್ದಿ ಹೇಳುತ್ತಾರೆ. ಎಲ್ಲರಿಗೂ ಒಂದೇ ಮೋಡ ಕಾಣಿಸುತ್ತಿದ್ದರೂ ಹೇಳುತ್ತಾರೆ. ಆದರೆ ‘ಎಷ್ಟು ಮಕ್ಕಳು, ಎಷ್ಟು ಜಮೀನು’ ಎಂದು ಯಾರೂ ಕೇಳಲಿಲ್ಲ. ಎರಡು ದಿನ ಕಾದೆ. ಮೂರನೇ ದಿನ ಡಾಕ್ಟರಮ್ಮನ ಬಾಯಿಂದ ನಾನೇ ಟಾಮ್ ಅವರನ್ನು ಕೇಳಿದೆ. ಅವರಿಗೆ ಬಹಳ ಖುಷಿಯಾಯಿತು. ಪ್ರತಿ ಹಸುವಿನ ಹೆಸರು ಸಮೇತ ಹೇಳಿದರು.

ರಸ್ತೆಗಳು ನಮ್ಮ ಗಾಡಿ ದಾರಿಯಷ್ಟೇ ಅಗಲ, ಎರಡೂ ಕಡೆ ಆಳೆತ್ತರದ ಬೇಲಿ. ಆದರೆ ಡಾಂಬರು ಹಾಕಿದ್ದಾರೆ. ಒಂದು ಹೊಂಡವೂ ಇಲ್ಲ. ಇಂಥ ರಸ್ತೆಯಲ್ಲಿ ಗಾಡಿ ಆರಿಸುವುದೆಂದರೆ ಹಾಸಿಗೆಯ ಮೇಲೆ ನಡೆದು ನೋಡಿ ಚಪ್ಪಲಿ ಆರಿಸಿದ ಹಾಗೆ ಎಂದು ಡಾಕ್ಟರಮ್ಮನಿಗೆ ಹೇಳಿದೆ.

ಎಂಜಿನ್ ಮನೆ

ಮೊದಲು ಎಂಜಿನ್ ಮನೆಯಲ್ಲಿ ಸಮುದ್ರದಂಡೆಗೆ ಹೊರಟೆವು. ಅದನ್ನು ಮಾರುವ ಅಂಗಡಿಯವರು ನಾಲ್ಕು ದಿನ ಓಡಿಸಿ ನೋಡಿ ಎಂದು ಕೊಟ್ಟಿದ್ದರು. ಟಾಮ್ ಓಡಿಸಿದರು, ನಾನು ಪಕ್ಕದಲ್ಲಿ, ಡಾಕ್ಟರಮ್ಮ ಹಿಂದೆ.

ಸುಳ್ಳು ಯಾಕೆ ಹೇಳಲಿ, ಕಂಡ ಕೂಡಲೇ ನನಗೆ ಮನಸ್ಸಾಯಿತು. ಸೂರನ್ನು ಕೊಡೆಯ ಹಾಗೆ ಮೇಲೆತ್ತಿದರೆ ಒಳಗೆ ನಿಲ್ಲಬಹುದು. ಬೆಂಚು ಎಳೆದರೆ ಮಂಚ. ಹಲಗೆ ಬಿಚ್ಚಿದರೆ ಮೇಜು. ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ನಾನು ಇದರ ಮುಂದಿನ ಸೀಟಿನಿಂದ ಇಳಿಯುವುದು, ಗೌರಮ್ಮ ಸೆರಗು ಬಾಯಿಗೆ ಹಿಡಿದು ನೋಡುವುದು, ಎಲ್ಲಾ ಕಣ್ಣಿಗೆ ಕಟ್ಟಿತು. ಇದೇ ಸರಿ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟೆ.

ಆದರೆ ಹಾಲು ಮುಗಿಯಿತು. ಹಾಲು ತರಬೇಕಾದರೆ ಮನೆಯೇ ಅಂಗಡಿಗೆ ಹೋಗಬೇಕು! ಹಾಸಿಗೆ ಮಡಚಿ, ಕುದಿಯುವ ನೀರು ಚೆಲ್ಲಿ, ತಟ್ಟೆ ಲೋಟ ಒಳಗಿಟ್ಟು, ಸೂರು ಇಳಿಸಿ, ಮನೆ ಹಾಲಿಗೆ ಹೊರಟಿತು. ಮಧ್ಯಾಹ್ನ ಬ್ರೆಡ್ಡಿಗೆ ಹೊರಟಿತು. ‘ಇವತ್ತು ಸಂಜೆಗೆ ಎಂತ ಬೇಕು ಈಗಲೇ ಹೇಳಿಬಿಡಿ, ನನ್ನ ಕೈಲಿ ಮೂರನೇ ಸಲ ಮಂಚ ಮಡಚೋಕೆ ಆಗೂದಿಲ್ಲ’ ಎಂದು ಡಾಕ್ಟರಮ್ಮ ಸೊಂಟ ಹಿಡಿದು ಕೂತರು.

ಮೂರನೇ ಬೆಳಿಗ್ಗೆ ನಾನು ಪಂಚೆ ಉಟ್ಟು, ಹೆಗಲ ಮೇಲೆ ಕಂಬಳಿ ಹೊದ್ದು ಹಲ್ಲುಜ್ಜುತ್ತಿದ್ದೆ. ಎಂಜಿನ್ ಶುರುವಾಗಲೇ ಇಲ್ಲ. ಮೆಕ್ಯಾನಿಕ್ ಬಂದರು, ನೋಡಿದರು, ತಲೆಯಾಡಿಸಿದರು. ತಮ್ಮ ಲಾರಿಗೆ ಹಗ್ಗ ಕಟ್ಟಿ ಮನೆಯನ್ನು ಎಳೆದುಕೊಂಡೇ ಹೋದರು. ಮನೆಯ ಜೊತೆ ನನ್ನ ಪ್ಯಾಂಟು, ಕೋಟು, ಬೂಟು ಎಲ್ಲಾ ಹೋದವು. ರಸ್ತೆ ಬದಿಯಲ್ಲಿ ಉಳಿದದ್ದು ಮೂರು ಕುರ್ಚಿ, ಒಂದು ಕೆಟಲು, ಪಂಚೆಯ ನಾನು.

ಅಲ್ಲಿಯ ಚಳಿ ನಮ್ಮ ಮಾಗಿಯ ಚಳಿಯಲ್ಲ, ಮೂಳೆಯೊಳಗೆ ಕೂರುವಂಥದ್ದು. ಎದುರು ಮನೆಯ ಮುದುಕಪ್ಪ ಒಬ್ಬರು ಬಂದು, ಮೋಡದ ಸುದ್ದಿ ಹೇಳಿ, ನಮ್ಮ ಮೂವರನ್ನೂ ಒಳಗೆ ಕರೆದು, ನನ್ನನ್ನು ಬೆಂಕಿಯ ಮುಂದೆ ಕೂರಿಸಿದರು. ಪಂಚೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಂಜೆಯವರೆಗೆ ನಾವು ಅವರ ಅತಿಥಿಗಳು. ಹೊರಡುವಾಗ ಅವರ ಮುರಿದ ಸ್ಟೂಲಿಗೆ ಒಂದು ಕಾಲು ಕೂರಿಸಿ ಕೊಟ್ಟೆ. ಇಷ್ಟಾದರೂ ಮಾಡದೆ ಬರಲು ಮನಸ್ಸಾಗಲಿಲ್ಲ.

ಬೆಂಕಿಯ ಮುಂದೆ ಕೂತಾಗ ಒಂದು ಯೋಚನೆ ಬಂದಿತ್ತು. ಕ್ಯಾಸನೂರಿನ ಹತ್ತಿರ ಎಂಜಿನ್ ನಿಂತರೆ ದವಾಖಾನೆಯೇ ಶಿವಮೊಗ್ಗಕ್ಕೆ ರಿಪೇರಿಗೆ ಹೋಗುತ್ತದೆ. ಮದ್ದು, ಮಂಚ, ಎಲ್ಲದರ ಸಮೇತ. ಅಲ್ಲಿ ಉಳಿಯುವುದು ಮೂರು ಕುರ್ಚಿ ಮತ್ತು ಜ್ವರದವರು.

ಪೆನ್ ಅಜ್ಜಿಯ ಮನೆ

ಎಳೆಯುವ ಮನೆ ಅಂಗಡಿಯದಲ್ಲ, ಪೆನ್ ಅಜ್ಜಿಯದು. ಸ್ವೆಟರು ಹೆಣೆಯುವ ಹೆಂಗಸರಿಗೆಲ್ಲ ಇವರೇ ಹಿರಿಯರು. ಗಂಡ ಇದ್ದಾಗ ಇಬ್ಬರೂ ಪ್ರತಿ ಬೇಸಿಗೆ ಅದರಲ್ಲೇ ತಿರುಗಿದವರು. ಗಂಡ ಹೋದ ಮೇಲೆ ಅಂಗಳದಲ್ಲಿ ನಿಂತಿತ್ತು. ‘ನಿಮಗೆ ಇದೇ ಸರಿ ಅನ್ನಿಸಿದರೆ ಇದನ್ನೇ ತೆಗೆದುಕೊಂಡು ಹೋಗಿ. ನಿಂತು ನಿಂತು ಇದಕ್ಕೂ ಬೇಸರ ಬಂದಿದೆ’ ಎಂದರಂತೆ. ಒಳಗೆ ಕಿಟಕಿಯ ಪರದೆ ಅವರೇ ಹೊಲಿದದ್ದು. ಬಾಗಿಲ ಒಳಗಡೆ ಪೆನ್ಸಿಲ್ಲಿನಲ್ಲಿ, ಹೋದ ಊರುಗಳ ಹೆಸರನ್ನು ಅವರ ಗಂಡ ಬರೆದಿದ್ದರು.

ಎರಡು ಗಾಲಿ, ಒಂದು ಅಚ್ಚು, ಮುಂದೆ ಕಬ್ಬಿಣದ ಮೂಕಿ, ಅದರ ತುದಿಗೆ ಕೊಕ್ಕೆ. ನೋಡಿದ ಕೂಡಲೇ ನನ್ನ ಜಾತಿಯದು ಅನ್ನಿಸಿತು. ಮೊದಲ ದಿನ ಒಂದು ಹೊಲದ ಮೂಲೆಯಲ್ಲಿ ಬಿಚ್ಚಿ ನಿಲ್ಲಿಸಿ, ಟಾಮ್ ತಮ್ಮ ಜೀಪಿನಂಥ ಗಾಡಿಯಲ್ಲಿ ಹಾಲಿಗೆ ಹೋದರು. ಮನೆ ಮಾತ್ರ ಇದ್ದಲ್ಲೇ ಇತ್ತು. ಒಲೆಯ ಮೇಲೆ ನೀರು ಕುದಿಯುತ್ತಲೇ ಇತ್ತು. ಡಾಕ್ಟರಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರ ತಲೆಯಲ್ಲೂ ಒಂದೇ ಲೆಕ್ಕ. ದವಾಖಾನೆ ಉಳವಿಯಲ್ಲಿ ನಿಂತಿರುತ್ತದೆ. ಜೀಪು ಜೋರು ಕಾಯಿಲೆಯವರನ್ನು ಹೊತ್ತು ಶಿವಮೊಗ್ಗಕ್ಕೆ ಓಡುತ್ತದೆ. ಆ ಅರ್ಧ ದಿವಸ ಉಳಿಯುತ್ತದೆ.

ಇಳಿಜಾರು

ಮಾರನೇ ದಿನ ಭಾರ ಹೇರಿ ನೋಡೋಣ ಎಂದಾಯಿತು. ಮದ್ದಿನ ಪೆಟ್ಟಿಗೆ, ನೀರಿನ ಡ್ರಮ್ಮುಗಳ ಬದಲಿಗೆ ಟಾಮ್ ಹಿಂಡಿ ಚೀಲಗಳನ್ನು ಒಳಗೆ ತುಂಬಿದರು. ಬಹುಪಾಲು ಮುಂದುಗಡೆಗೇ ಇಟ್ಟು, ತಿಂಡಿ ತಿನ್ನಲು ತಮ್ಮ ಹಟ್ಟಿಯ ಮನೆಯೊಳಗೆ ಹೋದರು.

ನಾನು ಎಂದಿನಂತೆ ಕೊಕ್ಕೆಯ ಕೆಳಗೆ ಬೆರಳು ಕೊಟ್ಟೆ. ಅಲ್ಲಾಡಲಿಲ್ಲ. ಕೈ ಕೊಟ್ಟೆ. ಎರಡೂ ಕೈ ಕೊಟ್ಟೆ. ಅಬ್ಬಾ, ಎಂಥ ಮುಂಭಾರ! ಪಾಪ, ಹಸು ಸಾಕುವವರಿಗೆ ಗಾಡಿ ಏನು ಗೊತ್ತು ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಒಳಗೆ ಹೋಗಿ ಚೀಲಗಳನ್ನು ಒಂದೊಂದಾಗಿ ಹಿಂದಕ್ಕೆ ಎಳೆದೆ. ಒಂದು ಬೆರಳಿಗೆ ಮೂಕಿ ಎದ್ದಾಗ ನಿಲ್ಲಿಸಿದೆ. ಟಾಮ್ ಹೊರಗೆ ಬಂದು ತಮ್ಮ ಜೀಪಿನಂಥ ಗಾಡಿಯನ್ನು ಹಿಂದಕ್ಕೆ ತಂದಾಗ ‘ನಾನು ಹಾಕ್ತೀನಿ’ ಎಂದು ಸನ್ನೆ ಮಾಡಿ ಕೊಕ್ಕೆಯನ್ನು ಹೂವಿನ ಹಾಗೆ ಎತ್ತಿ ಕೂರಿಸಿದೆ. ಅವರು ಹೆಬ್ಬೆರಳು ತೋರಿಸಿ ಮೆಚ್ಚಿದರು.

ಸಮದಾರಿಯಲ್ಲಿ ಏನೂ ಆಗಲಿಲ್ಲ. ಉದ್ದನೆಯ ಇಳಿಜಾರಿನಲ್ಲಿ ವೇಗ ಏರಿತು. ಹಿಂದಿನಿಂದ ಯಾರೋ ನಮ್ಮನ್ನು ಹಿಡಿದು ಮೆಲ್ಲಗೆ ಎಡಕ್ಕೆ ತಳ್ಳಿದಂತಾಯಿತು. ಆಮೇಲೆ ಬಲಕ್ಕೆ. ಕನ್ನಡಿಯಲ್ಲಿ ನೋಡಿದರೆ, ಪೆನ್ ಅಜ್ಜಿಯ ಮನೆ ನಾಯಿಯ ಬಾಲದ ಹಾಗೆ ಆಡುತ್ತಿತ್ತು. ಪ್ರತಿ ಸಲಕ್ಕೂ ಇನ್ನಷ್ಟು ದೂರ. ಟಾಮ್ ಸ್ಟೀರಿಂಗನ್ನು ಎದೆಗೊತ್ತಿ ಹಿಡಿದರು. ಡಾಕ್ಟರಮ್ಮ ‘ಅಯ್ಯಯ್ಯೋ’ ಎಂದದ್ದು ಕನ್ನಡದಲ್ಲೇ. ಠಳ್ ಎಂದು ಕೊಕ್ಕೆ ಬಿಟ್ಟಿತು. ಮನೆ ಬೇಲಿ ಹರಿದುಕೊಂಡು ಗೆಡ್ಡೆ ಬೆಳೆದ ಹೊಲಕ್ಕೆ ಹಾರಿ ಪಕ್ಕಕ್ಕೆ ಮಗುಚಿತು.

ಟಾಮ್ ಗಾಡಿ ನಿಲ್ಲಿಸಿದರು, ಇಳಿದು ಓಡಿದೆವು. ಒಂದು ಗಾಲಿ ಮಾತ್ರ ಮೇಲ್ಮುಖವಾಗಿ ತಿರುಗುತ್ತಿತ್ತು. ಅಷ್ಟು ನೆಟ್ಟಗೆ ತಿರುಗುತ್ತಿತ್ತು ಎಂದರೆ, ಅಂಥ ಹೊತ್ತಿನಲ್ಲೂ ನನ್ನ ಕಣ್ಣು ಅಚ್ಚು ಸರಿ ಇದೆ ಎಂದು ಗುರುತು ಹಾಕಿಕೊಂಡಿತು.

ಟಾಮ್ ಅವರ ಮಣಿಕಟ್ಟು ಊದಿಕೊಂಡಿತ್ತು, ಬೇರೆ ಯಾರಿಗೂ ಏನೂ ಆಗಲಿಲ್ಲ. ಅವರು ರಸ್ತೆ ಬದಿಯಲ್ಲಿ ಕೂತು ತಂಗಿಗೆ ಹೇಳಿದ ಮೊದಲ ಮಾತು: ‘ತಪ್ಪು ನನ್ನದು. ಜೋರಾಗಿ ಓಡಿಸಿದೆ.’

ಸುದ್ದಿ ಮುಟ್ಟಿ ಪೆನ್ ಅಜ್ಜಿ ಕೋಲೂರಿಕೊಂಡು ಬಂದರು. ಒಡೆದ ಹಲಗೆಗಳನ್ನು, ಮಣ್ಣಾದ ಪರದೆಯನ್ನು ನೋಡಿದರು. ‘ತಪ್ಪು ಗಾಡಿಯದು. ಹಳೆಯದಾಗಿತ್ತು. ನಾನು ಕೊಡಬಾರದಿತ್ತು’ ಎಂದರು.

ಎಲ್ಲರೂ ತಪ್ಪನ್ನು ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಎದುರಿನವರ ಮೇಲೆ ಹಾಕಿ ಊರೇ ಸೇರುತ್ತಿತ್ತು. ನಾನು ಮಾತ್ರ ಬಾಯಿ ಬಿಡಲಿಲ್ಲ. ಯಾವತ್ತೂ ಮುಂದೆ ಓಡುವ ನನ್ನ ಬಾಯಿ ಆವತ್ತು ಹೊಲಿದುಕೊಂಡಿತ್ತು.

ಟಾಮ್ ಅವರ ಕೊಟ್ಟಿಗೆ

ಮೂರು ದಿನ ಬಿಟ್ಟು ಹೆಂಗಸರೆಲ್ಲ ಚಹಾಕ್ಕೆ ಸೇರಿ ತೀರ್ಮಾನ ಮಾಡುವುದೆಂದಾಗಿತ್ತು. ಡಾಕ್ಟರಮ್ಮ ಸಪ್ಪಗಿದ್ದರು. ‘ಎಲ್ಲರೂ ಹೆದರಿದ್ದಾರೆ. ಕಾಡಿನ ದಾರಿಯಲ್ಲಿ ರೋಗಿಗಳ ಸಮೇತ ಹೀಗಾದರೆ ಎಂತ ಗತಿ ಅಂತಾರೆ. ಎಂಜಿನ್ನಿಂದೇ ಕೊಡ್ತಾರೆ ಕಾಣ್ತದೆ. ಇರಲಿ, ಅದೂ ದೊಡ್ಡ ಉಪಕಾರವೇ.’

ನಾನು ಹೂಂ ಎಂದೆ. ಹೇಳದಿದ್ದರೆ ಏನಾಗುತ್ತದೆ? ನಾನು ಎಂಜಿನ್ ಮನೆಯ ಮುಂದಿನ ಸೀಟಿನಲ್ಲಿ ಕೂತು ಶಿಕಾರಿಪುರಕ್ಕೆ ಬರುತ್ತೇನೆ. ಕಾಳಪ್ಪಾಚಾರಿಯ ಹೆಸರು ಹೆಸರಾಗಿಯೇ ಉಳಿಯುತ್ತದೆ. ಯಾವತ್ತೋ ಒಂದು ಮಳೆಗಾಲದಲ್ಲಿ ದವಾಖಾನೆ ಶಿವಮೊಗ್ಗದಲ್ಲಿ ರಿಪೇರಿಗೆ ನಿಂತಿರುತ್ತದೆ, ಯಾರದೋ ಹೆಂಡತಿ ಹುಲ್ಲಿನ ಮೇಲೆ ಮಲಗಿ ಗಾಡಿಯಲ್ಲಿ ಬರುತ್ತಿರುತ್ತಾಳೆ. ಇದನ್ನು ಯೋಚಿಸುತ್ತಾ, ಕಟ್ಟು ಹಾಕಿದ ಕೈಯಲ್ಲೇ ಹಾಲು ಕರೆಯಲು ಹೆಣಗುತ್ತಿದ್ದ ಟಾಮ್ ಅವರನ್ನು ನೋಡಿದೆ. ಅವರ ಪಾತ್ರೆ ಹಿಡಿದುಕೊಂಡೆ. ನನಗೆ ಥ್ಯಾಂಕ್ಯೂ ಅಂದರು. ಆ ಒಂದು ಮಾತನ್ನು ಸಹಿಸಲಾಗಲಿಲ್ಲ, ಹೇಳಿಬಿಡಬೇಕು ಎಂದುಕೊಂಡೆ.

ಆದರೆ ನನಗೇ ಅರ್ಥವಾಗದ್ದು ಒಂದಿತ್ತು. ಬೆರಳಿನ ಪರೀಕ್ಷೆ ಸುಳ್ಳಾದದ್ದು ಹೇಗೆ? ಅವರ ಕೊಟ್ಟಿಗೆಯಲ್ಲಿ ಮರದ ತುಂಡು, ಉಳಿ, ಗರಗಸ ಇದ್ದವು. ಗೇಣುದ್ದದ ಒಂದು ಗಾಡಿ ಮಾಡಿದೆ, ಎರಡು ಗಾಲಿಯದು. ಟಾಮ್ ಚಿಕ್ಕಂದಿನಲ್ಲಿ ಆಡಿದ ಒಂದು ತಗಡಿನ ಮೋಟಾರು ಅಟ್ಟದಲ್ಲಿತ್ತು. ಅದರ ಹಿಂದೆ ಕಟ್ಟಿದೆ. ಉದ್ದನೆಯ ಹಲಗೆಯನ್ನು ಓರೆಯಾಗಿಟ್ಟು ಬಿಟ್ಟೆ. ಭಾರ ಹಿಂದಿದ್ದರೆ ಬಾಲ ಆಡಿಸಿಕೊಂಡು ಕೆಳಗೆ ಬಿತ್ತು. ಭಾರ ಮುಂದಿದ್ದರೆ ಗೆರೆ ಎಳೆದ ಹಾಗೆ ಇಳಿಯಿತು. ಇಪ್ಪತ್ತು ಸಲ ಬಿಟ್ಟೆ. ಇಪ್ಪತ್ತು ಸಲವೂ ಅಷ್ಟೇ.

ಆಗ ಹೊಳೆಯಿತು. ಎತ್ತಿನ ಗಾಡಿ ನಡೆಯುತ್ತದೆ, ಇದು ಓಡುತ್ತದೆ. ಎತ್ತಿನ ಹೆಗಲಿಗೆ ಜೀವವಿದೆ, ಗಾಡಿ ಅತ್ತಿತ್ತ ಹೋದರೆ ಅದು ತಾನೇ ತಡೆದು ನಿಲ್ಲಿಸುತ್ತದೆ. ಕಬ್ಬಿಣದ ಕೊಕ್ಕೆಗೆ ಏನು ತಿಳಿಯುತ್ತದೆ? ಅದನ್ನು ಭಾರವೇ ಒತ್ತಿ ಹಿಡಿಯಬೇಕು. ಅಪ್ಪನ ಪರೀಕ್ಷೆ ಸುಳ್ಳಾಗಿರಲಿಲ್ಲ. ಅದನ್ನು ತಂದು ತಪ್ಪು ಜಾಗದಲ್ಲಿ ಇಟ್ಟವನು ನಾನು. ಹಸು ಸಾಕುವ ಟಾಮ್ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವನು ಗಾಡಿ ಮಾಡುವ ಕಾಳಪ್ಪ.

ಚಹಾ

ಏಳೆಂಟು ಮಂದಿ ಹೆಂಗಸರು, ಎಲ್ಲರ ತಲೆಗೂ ಟೋಪಿ. ಎಂಜಿನ್ ಮನೆಯೇ ಇರಲಿ ಎಂದು ಮಾತು ಮುಗಿಯುವ ಹೊತ್ತಿಗೆ ನಾನು ಎದ್ದು ನಿಂತೆ. ‘ಅಮ್ಮಾ, ನಾ ಹೇಳೋದನ್ನ ಇವರಿಗೆ ಹೇಳ್ರಿ. ಆ ಗಾಡಿ ಮಗುಚಿದ್ದು ಗಾಡಿ ತಪ್ಪಲ್ಲ, ಟಾಮ್ ಅವರ ತಪ್ಪಲ್ಲ. ಅವರು ತಿಂಡಿಗೆ ಹೋದಾಗ ನಾನು ಚೀಲನೆಲ್ಲಾ ಹಿಂದಕ್ಕೆ ಹಾಕಿದೆ. ಯಾರನ್ನೂ ಕೇಳಲಿಲ್ಲ.’

ಡಾಕ್ಟರಮ್ಮ ಅರ್ಧಕ್ಕೆ ನಿಂತರು. ‘ಇದನ್ನ ಹೇಳಲೇಬೇಕಾ ಆಚಾರ್ರೇ? ಬೇರೆ ತರ ಹೇಳಬಹುದಲ್ಲ.’

‘ಬ್ಯಾಡ್ರೀ. ಹೇಳಿದ್ದು ಹೇಳಿದಂಗೆ ಹೇಳ್ರಿ.’

ಹೇಳಿದರು. ನಾನು ಟಾಮ್ ಅವರ ಕಡೆ ನೋಡಲಾರದೆ ಚೀಲದಿಂದ ತಗಡಿನ ಮೋಟಾರಿಗೆ ಕಟ್ಟಿದ ನನ್ನ ಗಾಡಿ ತೆಗೆದೆ. ಇಸ್ತ್ರಿ ಹಲಗೆಯೊಂದನ್ನು ಕುರ್ಚಿಗೆ ಒರಗಿಸಿದೆ. ಮೇಜಿನ ಮೇಲಿನ ಸಕ್ಕರೆ ತುಂಡುಗಳನ್ನೇ ಚೀಲ ಮಾಡಿಕೊಂಡೆ. ಸಕ್ಕರೆ ಹಿಂದಿಟ್ಟು ಬಿಟ್ಟೆ. ಗಾಡಿ ಬಾಲ ಆಡಿಸಿ ಒಬ್ಬರ ಬೂಟಿನ ಮೇಲೆ ಬಿತ್ತು. ‘ಸಾರಿ’ ಎಂದದ್ದು ಅವರೇ. ಸಕ್ಕರೆ ಮುಂದಿಟ್ಟು ಬಿಟ್ಟೆ. ನೆಟ್ಟಗೆ ಇಳಿದು ಪೆನ್ ಅಜ್ಜಿಯ ಕೋಲಿಗೆ ತಾಗಿ ನಿಂತಿತು.

ಟಾಮ್ ಎದ್ದು ಬಂದರು. ಬೈದರೆ ಬೈಯಲಿ ಎಂದು ನಿಂತೆ. ಅವರು ಬಗ್ಗಿ, ಸಕ್ಕರೆ ಹಿಂದಿಟ್ಟು ತಾವೇ ಒಂದು ಸಲ ಬಿಟ್ಟರು. ಬಿತ್ತು. ಗಟ್ಟಿಯಾಗಿ ನಕ್ಕರು. ‘ಟೈರು ನೋಡಿದೆ, ಕೊಕ್ಕೆ ನೋಡಿದೆ, ದೀಪ ನೋಡಿದೆ. ಒಳಗೆ ಮಾತ್ರ ಇಣುಕಲಿಲ್ಲ. ಅಷ್ಟು ನನ್ನದೂ ಇರಲಿ’ ಎಂದರು.

ಪೆನ್ ಅಜ್ಜಿ ಕೋಲನ್ನು ಪಕ್ಕಕ್ಕಿಟ್ಟು ಬಗ್ಗಿದರು. ಆಮೇಲೆ ನನ್ನ ಗಾಡಿಯಿಂದ ಎರಡು ಸಕ್ಕರೆ ತುಂಡು ಎತ್ತಿ ನನ್ನ ಚಹಾಕ್ಕೆ ಹಾಕಿದರು. ‘ನಮ್ಮ ಮದುವೆಯಾದ ವರ್ಷ ನನ್ನ ಗಂಡನೂ ಹೀಗೇ ಹಿಂದೆ ಭಾರ ಹಾಕಿ ಬೇಲಿಗೆ ನುಗ್ಗಿಸಿದ್ದ. ಗಾಳಿ ಜೋರಾಗಿತ್ತು ಅಂದ. ಸಾಯುವವರೆಗೂ ಗಾಳಿಯೇ ಅಂದ. ಒಬ್ಬ ಗಂಡಸು ಚೀಲ ಸರಿಸಿದ್ದು ನಾನೇ ಅಂದದ್ದನ್ನು ಇವತ್ತೇ ಮೊದಲ ಸಲ ಕೇಳಿದೆ.’

ಆಮೇಲೆ ನಾನು ಗಾಡಿಯವನ ಮಾತು ಆಡಿದೆ. ಮನೆ ಒಂದೂರಲ್ಲಿ ನಿಂತಿದ್ದರೆ ಜೀಪು ಓಡಾಡಬಹುದು. ಜೀಪು ಕೆಟ್ಟರೆ ಜೀಪಷ್ಟೇ ರಿಪೇರಿಗೆ ಹೋಗುತ್ತದೆ, ದವಾಖಾನೆ ಜನರ ಹತ್ತಿರವೇ ಇರುತ್ತದೆ. ಮಳೆಗಾಲದಲ್ಲಿ ಜೀಪಿನ ಗಾಲಿ ಹೂತರೆ ಮನೆಗೆ ಎತ್ತು ಕಟ್ಟುತ್ತೇನೆ. ಎಂಜಿನ್ ಮನೆಗೆ ಎತ್ತು ಕಟ್ಟಲಾದೀತೇ? ಎಳೆಯುವ ಮನೆಯ ತೆಳು ಹಲಗೆ ನಮ್ಮ ಆಷಾಢದ ಮಳೆಗೆ ತಡೆಯುವುದಿಲ್ಲ. ಅದು ಹೇಗೂ ಒಡೆದಿದೆ. ನನಗೆ ಬೇಕಾದ್ದು ಆ ಅಚ್ಚು, ಗಾಲಿ, ಸ್ಪ್ರಿಂಗು, ಬ್ರೇಕು, ಕೊಕ್ಕೆ. ‘ಮೇಲಿನ ಮನೆ ನಾನು ಕಟ್ತೀನಿ. ಮರ ನಮ್ಮೂರಲ್ಲಿದೆ.’

ಹೆಂಗಸರು ಪರಸ್ಪರ ನೋಡಿಕೊಂಡರು. ‘ಗಾಲಿ ನೆಟ್ಟಗಿವೆಯೇ?’ ಎಂದು ಪೆನ್ ಅಜ್ಜಿ ಕೇಳಿದರು.

‘ಮಗುಚಿ ಬಿದ್ದಾಗಲೇ ನೋಡಿಕೊಂಡೆ ಅಂತ ಹೇಳ್ರಿ ಅಮ್ಮಾ.’

ಅದನ್ನು ಕೇಳಿ ಅಜ್ಜಿ ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಎಂಜಿನ್ ಮನೆಗೆಂದು ಎತ್ತಿಟ್ಟ ಹಣವನ್ನು ಮದ್ದಿಗೇ ಬಳಸಿ ಎಂದರು. ಬಿರುಕು ಬಿಡದೆ ಉಳಿದಿದ್ದ ಒಂದು ಕಿಟಕಿಯನ್ನು ಪರದೆ ಸಮೇತ ಬಿಚ್ಚಿಸಿ ಕೊಟ್ಟರು. ಊರುಗಳ ಹೆಸರು ಬರೆದ ಬಾಗಿಲನ್ನು ನಾನು ನೆಟ್ಟಗೆ ಮಾಡಿ ಅವರ ಮನೆಯ ಗೋಡೆಗೆ ಕೂರಿಸಿ ಬಂದೆ. ಅದು ಅವರ ಹತ್ತಿರವೇ ಇರಬೇಕಾದದ್ದು.

ಸೊರಬ

ಗಾಲಿಗಳು ಬೊಂಬಾಯಿಗೆ ಹಡಗಿನಲ್ಲಿ, ಅಲ್ಲಿಂದ ರೈಲಿನಲ್ಲಿ ಬಂದವು. ಸೊರಬದ ದವಾಖಾನೆಯ ಅಂಗಳದಲ್ಲಿ ನಾನು ಹೊನ್ನೆ ಮರದ ಚೌಕಟ್ಟು ಹಾಕಿ ಮನೆ ಕಟ್ಟಿದೆ. ಒಳಗೆ ಮಂಚ ಒಂದು, ಮದ್ದಿನ ಕಪಾಟು, ಪೆನ್ ಅಜ್ಜಿಯ ಕಿಟಕಿ. ಎತ್ತು ಹೂಡಬೇಕಾದಾಗ ಕೊಕ್ಕೆಗೆ ಸಿಕ್ಕಿಸುವ ಹಾಗೆ ಮರದ ಮೂಕಿಯೊಂದನ್ನು ಬೇರೆ ಮಾಡಿಟ್ಟೆ.

ಮೊದಲ ಮಳೆಗಾಲ. ಉಳವಿ ದಾಟಿ ಕಾಡಂಚಿನ ಒಂದು ಊರಿಗೆ ಹೊರಟಿದ್ದೆವು. ಹಳ್ಳದ ಹತ್ತಿರ ಜೀಪು ಕೆಸರಿನಲ್ಲಿ ಕೂತಿತು. ಅತ್ತ ದಡದಲ್ಲಿ ಜನ ಕಂಬಳಿ ಕೊಪ್ಪೆ ಹಾಕಿಕೊಂಡು ಕಾಯುತ್ತಿದ್ದರು, ಇಬ್ಬರನ್ನು ಮಂಚದ ಮೇಲೆ ಹೊತ್ತು ತಂದಿದ್ದರು. ಜೀಪು ಬಿಚ್ಚಿದೆವು. ಅಲ್ಲಿಯದೇ ಒಂದು ಜೋಡಿ ಎತ್ತು ಬಂತು.

ಎತ್ತು ತಂದ ಗೌಡರು ಒಳಗೆ ಇಣುಕಿ, ‘ಇದೆಂತದ್ರೀ ನೆಲದ ಮೇಲೆ ಎರಡು ಕೆಂಪು ಗೆರೆ? ಕುಂಟಾಬಿಲ್ಲೆ ಆಡಾಕಾ?’ ಎಂದರು.

ಮುಂದಿನ ಗೆರೆಯ ಹತ್ತಿರ ‘ಜೀಪು’ ಎಂದೂ, ನಡುವಿನ ಗೆರೆಯ ಹತ್ತಿರ ‘ಎತ್ತು’ ಎಂದೂ ನನ್ನ ಸೊಟ್ಟ ಅಕ್ಷರದಲ್ಲಿ ಬರೆದಿದ್ದೇನೆ. ಮದ್ದು, ನೀರು ತುಂಬಿದ ಭಾರದ ಪೆಟ್ಟಿಗೆಗೆ ಅಡಿಯಲ್ಲಿ ಸಣ್ಣ ಗಾಲಿ ಇವೆ. ಜೀಪು ಎಳೆಯುವಾಗ ಅದು ಮುಂದಿನ ಗೆರೆಗೆ, ಎತ್ತು ಎಳೆಯುವಾಗ ನಡುವಿನ ಗೆರೆಗೆ. ಗೌಡರೂ ನಾನೂ ಸೇರಿ ಪೆಟ್ಟಿಗೆಯನ್ನು ನಡುವಿಗೆ ತಳ್ಳಿದೆವು. ನಾನು ಮೂಕಿಯ ಕೆಳಗೆ ಬೆರಳು ಕೊಟ್ಟೆ. ಎದ್ದಿತು. ಎತ್ತು ಹೂಡಿದೆವು. ದವಾಖಾನೆ ಹಳ್ಳ ದಾಟಿತು. ಡಾಕ್ಟರಮ್ಮ ಸೀರೆ ಎತ್ತಿ ಕಟ್ಟಿ ಹಿಂದೆಯೇ ನೀರಿಗಿಳಿದು ಬಂದರು.

ಗೌಡರು ಬಿಡಲಿಲ್ಲ. ‘ಗೆರೆ ಯಾಕೆ ಅಂತ ಹೇಳಲೇ ಇಲ್ವಲ್ಲ ಆಚಾರ್ರೇ.’

ಕೇಳಿದವರಿಗೆಲ್ಲ ಹೇಳುವುದನ್ನೇ ಅವರಿಗೂ ಹೇಳಿದೆ. ‘ಇಂಗ್ಲೆಂಡಿನಲ್ಲಿ ನಾನು ಒಂದು ಮನೆ ಮಗುಚಿ ಹಾಕಿದೆ ಗೌಡ್ರೇ. ಆವತ್ತು ಗಾಳಿ ಬೀಸುತ್ತಿರಲಿಲ್ಲ.’